ಟ್ರಿಪ್ ಹೋದದ್ದು ನನ್ನ ತಂಗಿಯಲ್ಲ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ನಿಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷದಿಂದ ರೋಗಿಗಳ ಹಾಸಿಗೆ ಬಟ್ಟೆ ಒಗೆಯುವ ನನ್ನ ತಂಗಿಯನ್ನು, ಕೆಲಸದ ವೇಳೆಯಲ್ಲಿ ಇಪ್ಪತ್ತಮೂರು ಸಲ ಪ್ರವಾಸ ಹೋದಳು ಎಂಬ ಕಾರಣ ಕೊಟ್ಟು ನೀವು ಅಮಾನತು ಮಾಡಿ ಮನೆಗೆ ಕಳಿಸಿದ್ದೀರಿ. ಅವಳು ಎಲ್ಲಿಗೂ ಹೋಗಿಲ್ಲ. ಹೋದದ್ದು ಬ್ರೇಕರ್. ನ್ಯಾಯವಾಗಿ ಪತ್ರ ಇಲ್ಲಿಗೇ ಮುಗಿಯಬೇಕಿತ್ತು, ಬೇರೆ ಯಾರಿಗಾದರೂ ಇಷ್ಟು ಸಾಕಾಗುತ್ತಿತ್ತು. ಆದರೆ ನಾನು ಬರೆಯುತ್ತಿರುವುದು ನಿಮಗೆ. ಹಾಗಾಗಿ ಬಿಡಿಸಿ ಬಿಡಿಸಿ ಹೇಳಬೇಕಾಗಿದೆ. ಇದು ಬಹಿರಂಗ ಪತ್ರ, ಓದುವ ಸಾರ್ವಜನಿಕರು ಬೇಸರಿಸಬಾರದು.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ಸುಟ್ಟ ಮೋಟಾರ್‌ಗಳನ್ನು ಬಿಚ್ಚಿ, ಒಳಗಿನ ತಾಮ್ರದ ತಂತಿಯನ್ನು ಕಿತ್ತು, ಹೊಸದಾಗಿ ಸುತ್ತಿಕೊಡುವವನು. ಇದಕ್ಕೆ ಮೋಟಾರ್ ಕಟ್ಟುವುದು ಎನ್ನುತ್ತಾರೆ. ಮೂವತ್ತೊಂದು ವರ್ಷದಿಂದ ಕಟ್ಟುತ್ತಿದ್ದೇನೆ. ಬ್ರೇಕರ್ ಎಂದರೆ ಏನೆಂದು ನಿಮಗೆ ಗೊತ್ತಿರಲಿಕ್ಕಿಲ್ಲ, ಗೊತ್ತಿದ್ದರೆ ಈ ಪತ್ರವೇ ಬೇಕಿರಲಿಲ್ಲ. ಅದು ಗೋಡೆಯ ಪೆಟ್ಟಿಗೆಯಲ್ಲಿ ಕೂತಿರುವ ಒಂದು ಹಿಡಿಕೆ. ತಂತಿಯಲ್ಲಿ ಹರಿಯಬಾರದಷ್ಟು ಕರೆಂಟ್ ಹರಿದರೆ, ಬೆಂಕಿ ಹತ್ತುವ ಮೊದಲೇ ತಾನಾಗಿ ಕೆಳಗೆ ಬಿದ್ದು ಸಂಪರ್ಕ ಕಡಿಯುತ್ತದೆ. ಹಾಗೆ ಬೀಳುವುದಕ್ಕೆ ಟ್ರಿಪ್ ಎಂದು ಹೆಸರು. ಯಾರ ಆದೇಶಕ್ಕೂ ಕಾಯದೆ, ಕಡತ ತೆರೆಯದೆ, ಮೇಲಿನವರ ಮುಖ ನೋಡದೆ ತನ್ನ ಕೆಲಸ ತಾನು ಮಾಡುವ ವಸ್ತು. ನಿಮ್ಮ ಕಟ್ಟಡದಲ್ಲಿ ಅಂಥದ್ದು ಇನ್ನೊಂದಿದೆಯೇ ಎಂದು ನನಗೆ ಅನುಮಾನ.

ಎರಡು ತಿಂಗಳ ಹಿಂದೆ ನನ್ನ ತಂಗಿ ಕೆಲಸ ಮುಗಿಸಿಕೊಂಡು ನನ್ನ ಅಂಗಡಿಗೆ ಬಂದಳು. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಿಚ್ಚಿದ ಪಂಪೊಂದರ ಮೇಲೆ ಚೀಲ ಇಟ್ಟು, "ಅಣ್ಣಾ, ನಮ್ಮ ದೊಡ್ಡ ಮೆಷಿನ್ನು ಮಧ್ಯ ಮಧ್ಯ ನಿಂತು ಹೋಗ್ತಿದೆ. ಬಾಗಿಲ ಪಕ್ಕದ ಪೆಟ್ಟಿಗೇಲಿ ಹಿಡಿಕೆ ಟಪ್ ಅಂತ ಬಿದ್ದುಬಿಡುತ್ತೆ" ಎಂದಳು.

"ಅದಕ್ಕೆ ಟ್ರಿಪ್ ಅಂತಾರೆ ಕಣೇ. ಯಾವಾಗ ಬೀಳುತ್ತೆ?"

"ಯಾವಾಗ ಬೇಕಾದ್ರೂ."

"ಯಾವಾಗ ಬೇಕಾದ್ರೂ ಬರೋಕೆ ಅದೇನು ನಿಮ್ಮತ್ತಿಗೆ ಸಿಟ್ಟಾ? ಅದಕ್ಕೂ ಒಂದು ಲೆಕ್ಕ ಇರುತ್ತೆ."

ಒಳಗಿನಿಂದ ನನ್ನ ಹೆಂಡತಿ, "ನನ್ನ ಸಿಟ್ಟಿಗೂ ಲೆಕ್ಕ ಇದೆ, ನಿಮಗೆ ಓದೋಕೆ ಬರಲ್ಲ ಅಷ್ಟೇ" ಎಂದಳು. ತಂಗಿ ನಕ್ಕಳು. ನಾನು ಹೇಳಿದೆ: "ಬಿದ್ದಾಗಲೆಲ್ಲ ಟೈಮ್ ಬರೆದಿಡು. ಆಗ ಮೆಷಿನ್ನು ಏನು ಮಾಡ್ತಿತ್ತು ಅಂತಾನೂ ಬರಿ. ಡಾಕ್ಟರು ಜ್ವರ ಬರೆದಿಡ್ತಾರಲ್ಲ, ಹಾಗೆ."

ಅವಳು ಹೇಳಿದ ಮಾತು ಮೀರುವವಳಲ್ಲ. ಲಾಂಡ್ರಿಯ ರಿಜಿಸ್ಟರಿನಲ್ಲಿ ಅಂದಿನಿಂದ ಬರೆಯುತ್ತ ಹೋದಳು. ಒಂದು ದಿನದ ಬರಹ ಹೀಗಿದೆ: "೯ ಗಂಟೆಗೆ ಬಟ್ಟೆ ಹಾಕಿದೆ. ನೀರು ಬಿಟ್ಟೆ. ೯-೪೦ಕ್ಕೆ ಟ್ರಿಪ್ ಹೋಗಿದೆ. ಎಲೆಕ್ಟ್ರಿಷಿಯನ್‌ಗೆ ಹೇಳಿದೆ. ಹತ್ತು ನಿಮಿಷ ಬಿಟ್ಟು ಆನ್ ಮಾಡಿದೆ." ಟ್ರಿಪ್ ಆಗಿದೆ ಎಂದು ಬರೆಯಬಹುದಿತ್ತು, ನಿಜ. ಆದರೆ ನಮ್ಮ ಮಾತಿನಲ್ಲಿ ಕರೆಂಟ್ ಹೋಗುತ್ತದೆ, ಫ್ಯೂಸ್ ಹೋಗುತ್ತದೆ, ಬಲ್ಬು ಹೋಗುತ್ತದೆ. ಕೆಟ್ಟದ್ದೆಲ್ಲ ಹೋಗುವುದೇ. ಆ ರೂಢಿಯಲ್ಲಿ ಅವಳ ಪೆನ್ನಿಗೆ ಟ್ರಿಪ್ಪೂ ಹೋಯಿತು.

ಯಂತ್ರ ನಿಂತಾಗ ವಾರ್ಡುಗಳಿಗೆ ಹೊದಿಕೆ ತಡವಾಯಿತು. ವಾರ್ಡಿನವರು ನಿಮಗೆ ದೂರು ಕೊಟ್ಟರು. ಆಗ ಒಬ್ಬ ಮನುಷ್ಯ ಏನು ಮಾಡುತ್ತಾನೆ? ಎದ್ದು, ಎರಡು ಮಹಡಿ ಇಳಿದು, ಲಾಂಡ್ರಿಯ ಬಾಗಿಲಲ್ಲಿ ನಿಂತು, "ಏನಮ್ಮಾ ಇದು?" ಎಂದು ಕೇಳುತ್ತಾನೆ. ನೀವು ಅಧಿಕಾರಿ, ಮನುಷ್ಯರ ದಾರಿ ನಿಮಗೇಕೆ? ರಿಜಿಸ್ಟರಿನ ಶುದ್ಧಪ್ರತಿಯನ್ನು ಟೈಪ್ ಮಾಡಿಸಿ ತರಲು ಹೇಳಿದಿರಿ. ನಿಮ್ಮ ಟೈಪಿಸ್ಟ್ ಶುದ್ಧಪ್ರತಿ ಮಾಡಿದ. ಎಷ್ಟು ಶುದ್ಧ ಮಾಡಿದ ಎಂದರೆ, "ಟ್ರಿಪ್ ಹೋಗಿದೆ" ಎಂದು ಅವಳು ಬರೆದಲ್ಲೆಲ್ಲ "ಟ್ರಿಪ್ ಹೋಗಿದ್ದೆ" ಎಂದು ತಿದ್ದಿದ. ಒಂದು ದಕಾರದ ಒತ್ತು. ಇಪ್ಪತ್ತಮೂರು ಕಡೆ.

ಅವನನ್ನು ನಾನು ಕಂಡು ಕೇಳಿದ್ದೇನೆ. ಪಾಪ, ಒಳ್ಳೆಯ ಹುಡುಗ, ಭಾಷೆಯ ಮೇಲೆ ಪ್ರೀತಿ ಇರುವವನು.

"ನೋಡಿ ಸಾರ್, ಹಿಂದೆ ಮುಂದೆ ಎಲ್ಲಾ ಕಡೆ ಹಾಕಿದೆ, ಬಿಟ್ಟೆ, ಹೇಳಿದೆ ಅಂತ ಅವರೇ ಮಾಡಿದ ಹಾಗೆ ಬರೆದಿದ್ದಾರೆ. ಇದೊಂದೇ ಬೇರೆ ಥರ ಇತ್ತು. ಒತ್ತು ಮರೆತಿದ್ದಾರೆ ಅಂದ್ಕೊಂಡು ನಾನೇ ಹಾಕಿದೆ."

"ಹತ್ತು ನಿಮಿಷದಲ್ಲಿ ಯಾವ ಊರು ನೋಡಿಕೊಂಡು ಬರ್ತಾರಪ್ಪಾ?"

"ನಾನು ವ್ಯಾಕರಣ ಮಾತ್ರ ನೋಡಿದೆ ಸಾರ್. ಅರ್ಥ ನೋಡೋದು ಸಾಹೇಬ್ರ ಕೆಲಸ."

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ತನ್ನ ಕೆಲಸ ಯಾವುದು, ನಿಮ್ಮದು ಯಾವುದು ಎಂದು ಸರಿಯಾಗಿಯೇ ಹೇಳಿದ. ಅರ್ಥ ನೋಡುವ ಕೆಲಸ ನಿಮ್ಮದಾಗಿತ್ತು. ನೀವು ನೋಡಿದ ಅರ್ಥ ನನ್ನ ತಂಗಿಗೆ ಬಂದ ಆದೇಶದಲ್ಲಿದೆ: "ಸದರಿ ನೌಕರಳು ಕರ್ತವ್ಯದ ಅವಧಿಯಲ್ಲಿ ಪೂರ್ವಾನುಮತಿ ಪಡೆಯದೆ ಇಪ್ಪತ್ತಮೂರು ಬಾರಿ ಪ್ರವಾಸ ಕೈಗೊಂಡಿರುವುದನ್ನು ಸ್ವತಃ ದಾಖಲಿಸಿರುತ್ತಾಳೆ." ಸ್ವಾಮೀ, ಹದಿನಾಲ್ಕನೇ ತಾರೀಖು ಒಂದೇ ದಿನ ಮೂರು ಟ್ರಿಪ್ ಇವೆ. ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಒಂದು, ಹನ್ನೊಂದೂವರೆಗೆ ಒಂದು, ಎರಡು ಗಂಟೆಗೆ ಇನ್ನೊಂದು. ರಬ್ಬರ್ ಬೂಟು ಹಾಕಿಕೊಂಡು, ಮೊಣಕೈವರೆಗೆ ಸೋಪಿನ ನೊರೆ ಇಟ್ಟುಕೊಂಡು, ದಿನಕ್ಕೆ ಮೂರು ಪ್ರವಾಸ ಹೋಗಿ, ಹತ್ತು ಹತ್ತು ನಿಮಿಷಕ್ಕೆ ವಾಪಸ್ ಬಂದು, ಬಂದ ಕೂಡಲೇ ಅದನ್ನು ಸರ್ಕಾರಿ ರಿಜಿಸ್ಟರಿನಲ್ಲಿ ಮರೆಯದೆ ಬರೆದಿಡುವ ಹೆಂಗಸು ನಿಮಗೆ ಎಲ್ಲಾದರೂ ಸಿಕ್ಕಿದ್ದಾಳೆಯೇ? ಇಂಥ ಪ್ರಶ್ನೆ ಮೂರನೇ ತರಗತಿಯ ಮಗುವಿನ ತಲೆಗೆ ಹೊಳೆಯುತ್ತದೆ. ನಿಮ್ಮ ತಲೆಗೆ ಏಕೆ ಹೊಳೆಯಲಿಲ್ಲ ಎಂದು ಯೋಚಿಸಿ ಯೋಚಿಸಿ ನಾನು ಕೈಬಿಟ್ಟಿದ್ದೇನೆ.

ತಂಗಿಯನ್ನು ಮನೆಗೆ ಕಳಿಸಿದಿರಿ. ಬ್ರೇಕರ್ ಬೀಳುವುದು ನಿಂತಿತೇ? ಮಾರನೆಯ ದಿನವೇ ಮತ್ತೆ ಎರಡು ಸಲ ಬಿತ್ತು. ಪ್ರವಾಸ ಹೋಗುವವಳು ಮನೆಯಲ್ಲಿ ಕೂತು ಕಾಳು ಆರಿಸುತ್ತಿದ್ದಾಗಲೂ ನಿಮ್ಮ ಲಾಂಡ್ರಿಯಿಂದ ಪ್ರವಾಸ ಹೊರಡುತ್ತಲೇ ಇತ್ತು! ಇದನ್ನು ಕಂಡು ನಿಮ್ಮ ಕಿರಿಯ ಇಂಜಿನಿಯರ್ ಒಂದು ಉಪಾಯ ಬರೆದು ಕೊಟ್ಟರಂತೆ. ಮೂವತ್ತೆರಡು ಆಂಪಿಯರ್ ಬ್ರೇಕರ್ ಪದೇ ಪದೇ ಬೀಳುತ್ತಿರುವುದರಿಂದ ಅರವತ್ತಮೂರು ಆಂಪಿಯರಿನದನ್ನು, ಅಂದರೆ ಹೆಚ್ಚುಕಡಿಮೆ ಎರಡರಷ್ಟು ಕರೆಂಟ್ ಹರಿದರೂ ಬೀಳದ್ದನ್ನು, ಹಾಕತಕ್ಕದ್ದು. ನೀವು "ಒಪ್ಪಿದೆ" ಎಂದು ಸಹಿ ಹಾಕಿದ್ದೀರಿ. ಕಾವಲುಗಾರ ಪದೇ ಪದೇ ಕೂಗುತ್ತಾನೆಂದು ಅವನನ್ನು ಬಿಡಿಸಿ ಮೂಗನನ್ನು ನೇಮಿಸಿದ ಹಾಗೆ ಇದು. ಬ್ರೇಕರ್ ಬಿದ್ದರೆ ಅದು ರೋಗವಲ್ಲ, ರೋಗದ ಸುದ್ದಿ. ಸುದ್ದಿ ತರುವವನು ತಡಮಾಡಿದಷ್ಟೂ ಒಳಗೆ ತಂತಿ ಕಾಯುತ್ತದೆ. ಕಾದ ತಂತಿಯ ಸುತ್ತ ಏನಿದೆ? ಒಣಗಿದ ಹೊದಿಕೆಗಳ ರಾಶಿ. ಅದರ ಮೇಲಿನ ಮಹಡಿಯಲ್ಲಿ ಏನಿದೆ ಎಂದು ನಾನು ಹೇಳಬೇಕೇ? ಹೆರಿಗೆ ವಾರ್ಡು. ಪುಣ್ಯಕ್ಕೆ ಅರವತ್ತಮೂರರ ಬ್ರೇಕರ್ ಉಗ್ರಾಣದಲ್ಲಿ ಇರಲಿಲ್ಲ.

ಆ ಹೊತ್ತಿಗೆ ಲಾಂಡ್ರಿಯ ಮೇಲ್ವಿಚಾರಕಿ ನನ್ನನ್ನು ಕರೆಸಿದರು. ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಾರೆ. ಬಟ್ಟೆ ರಾಶಿ ಕಿಟಕಿಯ ಎತ್ತರಕ್ಕೆ ಬೆಳೆದಿತ್ತು. "ನಿನ್ನ ತಂಗಿ ವಿಷಯ ಆಮೇಲೆ ಮಾತಾಡೋಣ ಮಾರಾಯ, ಮೊದಲು ಇದಕ್ಕೇನಾಗಿದೆ ನೋಡು" ಎಂದರು. ನಾನು ಎಲ್ಲಕ್ಕಿಂತ ಮೊದಲು ಕೇಳಿದ್ದು ರಿಜಿಸ್ಟರನ್ನು. ನೀವು ಪ್ರವಾಸಕಥನ ಓದಿದ ಅದೇ ಪುಟಗಳಲ್ಲಿ ನಾನು ಓದಿದ್ದು ಇಷ್ಟು: ಒಂಬತ್ತಕ್ಕೆ ಬಟ್ಟೆ ಹಾಕಿದರೆ ಒಂಬತ್ತೂ ನಲವತ್ತಕ್ಕೆ ಬಿದ್ದಿದೆ. ಹತ್ತೂ ಐವತ್ತಕ್ಕೆ ಹಾಕಿದರೆ ಹನ್ನೊಂದೂವರೆಗೆ. ಯಾವ ಸಲ ನೋಡಿದರೂ ನಲವತ್ತನೆಯ ನಿಮಿಷ. ನಲವತ್ತನೆಯ ನಿಮಿಷಕ್ಕೆ ಆ ಯಂತ್ರ ಏನು ಮಾಡುತ್ತದೆ? ನೀರು ಹಿಂಡಲು ಡ್ರಮ್ಮನ್ನು ಜೋರಾಗಿ ತಿರುಗಿಸುತ್ತದೆ. ಅಂದರೆ ರೋಗ ಅರ್ಧ ಅಲ್ಲೇ ಸಿಕ್ಕಿತು, ನನ್ನ ತಂಗಿಯ ದುಂಡು ಅಕ್ಷರದಲ್ಲಿ.

ಇನ್ನರ್ಧ ಹುಡುಕಲು ನಿಮ್ಮ ಆಸ್ಪತ್ರೆಯ ಎಲೆಕ್ಟ್ರಿಷಿಯನ್ ಜೊತೆಗಿದ್ದರು. ನಾಳೆ ನಾಡಿದ್ದು ನಿವೃತ್ತಿಯಾಗುವವರು, ಅದಕ್ಕೇ ಧೈರ್ಯವಾಗಿ ಜೊತೆಗಿದ್ದರು. ತಂತಿಯನ್ನು ತಬ್ಬಿ ಹಿಡಿದು ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಮೂರೂ ತಂತಿಗೆ ಹಾಕಿ ನೋಡಿದೆವು. ಜೋರಾಗಿ ತಿರುಗುವಾಗಲೂ ಮೂರರಲ್ಲೂ ಹದಿಮೂರು, ಹದಿಮೂರೂವರೆ. ಮೂವತ್ತೆರಡರ ಬ್ರೇಕರ್‌ಗೆ ಅದು ಭಾರವೇ ಅಲ್ಲ. ನೋಡುತ್ತಿದ್ದಂತೆಯೇ ಟಪ್ ಎಂದು ಬಿತ್ತು. ಕಾದು ಬಿದ್ದದ್ದಲ್ಲ, ಒಂದೇ ಏಟಿಗೆ ಬಿದ್ದದ್ದು. ಮೋಟಾರ್ ಬಳಲಿದರೆ ಬ್ರೇಕರ್ ನಿಧಾನಕ್ಕೆ ಬೀಳುತ್ತದೆ, ಎಲ್ಲೋ ತಂತಿ ಮುಟ್ಟಬಾರದ್ದನ್ನು ಮುಟ್ಟಿದರೆ ತಕ್ಷಣ ಬೀಳುತ್ತದೆ. ಮೋಟಾರಿನ ಒಳಗೇ ಮುಟ್ಟುತ್ತಿದೆಯೇ ಎಂದು, ತಂತಿ ಸೇರುವ ಅದರ ಪೆಟ್ಟಿಗೆ ಬಿಚ್ಚಿ ಮೆಗ್ಗರಿನಿಂದ ಪರೀಕ್ಷಿಸಿದೆವು. ತಂತಿಯ ಹೊದಿಕೆ ಸೋರುತ್ತಿದೆಯೇ ಎಂದು ಹೇಳುವ ಉಪಕರಣ ಅದು. ಮೋಟಾರ್ ಗಟ್ಟಿಮುಟ್ಟಾಗಿತ್ತು. ಕೈಯಿಂದ ತಿರುಗಿಸಿದರೆ ಬೇರಿಂಗ್ ಕೂಡ ಬೆಣ್ಣೆಯಂತೆ ತಿರುಗಿತು.

ಹಾಗಾದರೆ ಉಳಿದದ್ದು ಬ್ರೇಕರಿನಿಂದ ಮೋಟಾರಿನವರೆಗೆ ಗೋಡೆಯೊಳಗೆ ಕಬ್ಬಿಣದ ಪೈಪಿನಲ್ಲಿ ಬರುವ ತಂತಿ. ಮೋಟಾರಿನ ಸಂಪರ್ಕ ಬಿಡಿಸಿ, ತುದಿಗಳಿಗೆ ಟೇಪ್ ಸುತ್ತಿ, ಬ್ರೇಕರ್ ಮೇಲೆತ್ತಿದೆವು. ನಿಂತಿತು. ಯಂತ್ರ ತಿರುಗಿದಾಗ ಗೋಡೆ ಅದುರುತ್ತದಲ್ಲ, ಆ ಅದುರನ್ನು ನಾವೇ ಕೊಡೋಣ ಎಂದು ನಾನು ಮರದ ಸುತ್ತಿಗೆ ಹಿಡಿದು ಪೈಪಿನ ಜಾಡಿನಲ್ಲಿ ಗೋಡೆ ತಟ್ಟುತ್ತ ಬಂದೆ. ಎಲೆಕ್ಟ್ರಿಷಿಯನ್ ಬ್ರೇಕರ್ ಹತ್ತಿರ ನಿಂತರು. ಯಂತ್ರದ ಬಳಿ ತಟ್ಟಿದೆ, ಏನಿಲ್ಲ. ಕಿಟಕಿಯ ಕೆಳಗೆ, ಏನಿಲ್ಲ. ಬಾಗಿಲಿಗೆ ನಾಲ್ಕಡಿ ಇರುವಾಗ ಟಪ್!

"ನೀವು ಮುಟ್ಟಿದ್ರಾ?" ಎಂದೆ.

"ನಾನ್ಯಾಕೆ ಮುಟ್ಟಲಿ? ನೀನು ಏನು ಮುಟ್ಟಿದೆ ನೋಡು ಮೊದಲು" ಎಂದರು.

ತಿರುಗಿ ನೋಡಿದೆ. ನನ್ನ ಸುತ್ತಿಗೆಯ ಮುಂದೆ ಇದ್ದದ್ದು ಉಕ್ಕಿನ ಒಂದು ಫಲಕ. "ನವೀಕೃತ ಲಾಂಡ್ರಿ ವಿಭಾಗದ ಉದ್ಘಾಟನೆ" ಎಂದಿದೆ. ಅದರ ಕೆಳಗೆ ಅದಕ್ಕಿಂತ ದೊಡ್ಡ ಅಕ್ಷರದಲ್ಲಿ ತಮ್ಮ ಹೆಸರಿದೆ. ನವೀಕರಣ ಏನಾಗಿತ್ತು ಎಂದು ದೊಡ್ಡಮ್ಮನನ್ನು ಕೇಳಿದೆ. "ಆ ಒಂದು ಗೋಡೆಗೆ ಬಣ್ಣ ಹೊಡೆದ್ರು. ಫಲಕ ಚೆನ್ನಾಗಿ ಕಾಣಲಿ ಅಂತ" ಎಂದರು.

ಮತ್ತೆ ತಟ್ಟಿದೆವು, ಮತ್ತೆ ಬಿತ್ತು. ಮೂರನೆಯ ಸಲ ದೊಡ್ಡಮ್ಮನೇ ಸುತ್ತಿಗೆ ಕಸಿದುಕೊಂಡು ತಟ್ಟಿದರು, ಸ್ವಲ್ಪ ಜೋರಾಗಿಯೇ. ಬಿತ್ತು. ಕರೆಂಟ್ ಪೂರ್ತಿ ಆರಿಸಿ ಫಲಕದ ಸ್ಕ್ರೂಗಳನ್ನು ಬಿಚ್ಚಿದೆವು. ಮೂರು ಸ್ಕ್ರೂ ಎರಡು ಇಂಚಿನವು. ಕೆಳಗಿನ ಬಲಮೂಲೆಯದು ನಾಲ್ಕು ಇಂಚಿನದು. ಗೋಡೆ ದಾಟಿ, ಕಬ್ಬಿಣದ ಪೈಪು ಕೊರೆದು, ಒಳಗಿನ ಕೆಂಪು ತಂತಿಯ ಮೈ ಕೆರೆದಿತ್ತು. ತುದಿ ಸುಟ್ಟು ಕಪ್ಪಾಗಿತ್ತು. "ಉದ್ಘಾಟನೆ ದಿನ ಫಲಕ ಒಂದು ಮೂಲೇಲಿ ಅಲ್ಲಾಡ್ತಿತ್ತು ಕಣಪ್ಪಾ. ಸಾಹೇಬ್ರೇ ನಿಂತು, ಉದ್ದದ್ದು ಹೊಡೀರಿ, ಯಾವತ್ತೂ ಬೀಳಬಾರದು ಅಂದ್ರು" ಎಂದರು ದೊಡ್ಡಮ್ಮ. ಉದ್ಘಾಟನೆಯಾದದ್ದು ನಾಲ್ಕನೇ ತಾರೀಖು. ಅವರೇ ನೆನಪಿಸಿದಂತೆ ಬ್ರೇಕರ್ ಮೊದಲ ಸಲ ಬಿದ್ದದ್ದು ಮರುದಿನ, ಐದನೇ ತಾರೀಖು.

ನಮ್ಮಜ್ಜಿ ಒಂದು ಕತೆ ಹೇಳುತ್ತಿದ್ದಳು. ಒಬ್ಬ ರಾಜನಿಗೆ ದಿನಾ ಅನ್ನದಲ್ಲಿ ಕಲ್ಲು ಸಿಗುತ್ತಿತ್ತಂತೆ. ಕಲ್ಲು ಸಿಕ್ಕಿದಾಗಲೆಲ್ಲ ಅಡುಗೆಯವಳನ್ನು ಓಡಿಸುತ್ತಿದ್ದ. ಏಳು ಜನ ಹೋದರು. ಎಂಟನೆಯವಳು ನೋಡಿದಳು: ಅಡುಗೆ ಸರಿಯಾಗಿದೆಯೇ ಎಂದು ರಾಜ ದಿನಾ ಬಂದು ಪಾತ್ರೆಯೊಳಗೆ ಬಗ್ಗುತ್ತಾನೆ, ಬಗ್ಗಿದಾಗ ಅವನದೇ ಕಿರೀಟದಿಂದ ಒಂದೊಂದು ಹರಳು ಉದುರುತ್ತದೆ. "ಮಹಾಸ್ವಾಮಿ, ನಾಳೆಯಿಂದ ಬರೀ ತಲೆಯಲ್ಲಿ ಬಗ್ಗಿ" ಎಂದಳಂತೆ. ರಾಜ ನಾಚಿ, ಏಳೂ ಜನರನ್ನು ಕರೆಸಿಕೊಂಡ. ಅವನು ಕತೆಯ ರಾಜ, ನಾಚಿಕೊಂಡ. ಅಲ್ಲದೆ ಅವನು ದಿನಾ ಅಡುಗೆಮನೆಗಾದರೂ ಬರುತ್ತಿದ್ದ.

ಈಗ ನಗು ಬದಿಗಿಟ್ಟು ಒಂದು ಮಾತು ಕೇಳಿ. ಆ ಫಲಕ ದಿನಾ ಬೆಳಿಗ್ಗೆ ಒರೆಸಬೇಕೆಂದು ನಿಮ್ಮ ಕಚೇರಿಯಿಂದ ಚೀಟಿ ಹೋಗಿದೆ. ಒರೆಸುತ್ತಿದ್ದವಳು ನನ್ನ ತಂಗಿ. ಒದ್ದೆ ನೆಲ, ಒದ್ದೆ ಕೈ, ಒದ್ದೆ ಬಟ್ಟೆ. ಸ್ಕ್ರೂವಿನಿಂದ ಫಲಕಕ್ಕೆ ಬಂದ ಕರೆಂಟ್ ಆ ಕಬ್ಬಿಣದ ಪೈಪಿನ ಮೂಲಕ ನೆಲಕ್ಕೆ ಇಳಿದದ್ದರಿಂದ, ಇಳಿದ ಕ್ಷಣವೇ ಬ್ರೇಕರ್ ಬಿದ್ದದ್ದರಿಂದ ಅವಳು ಇವತ್ತು ಕಾಳು ಆರಿಸುತ್ತ ಕೂತಿದ್ದಾಳೆ. ಪೈಪಿನ ಅರ್ತ್ ತಂತಿ ಒಂದು ಸಡಿಲವಾಗಿದ್ದಿದ್ದರೆ ತಮ್ಮ ಹೆಸರು ಮುಟ್ಟಿದವಳು ಅಲ್ಲೇ ಉರುಳುತ್ತಿದ್ದಳು. ಇಪ್ಪತ್ತಮೂರು ಸಲ ಅವಳ ಜೀವ ಉಳಿಸಿದ್ದನ್ನು ನೀವು ಇಪ್ಪತ್ತಮೂರು ಅಪರಾಧ ಎಂದು ಎಣಿಸಿದ್ದೀರಿ.

ಹೊಸ ತಂತಿ ಎಳೆದೆವು. ಒಂಬತ್ತು ದಿನವಾಯಿತು, ಯಂತ್ರ ಒಮ್ಮೆಯೂ ನಿಂತಿಲ್ಲ. ಎಲೆಕ್ಟ್ರಿಷಿಯನ್ ವರದಿ ಬರೆದರು, ದೊಡ್ಡಮ್ಮ ಸಾಕ್ಷಿ ಹಾಕಿದರು, ಸ್ಕ್ರೂವನ್ನು ಲಕೋಟೆಯಲ್ಲಿಟ್ಟು ಜೊತೆಗೆ ಕೊಟ್ಟೆವು. ನಾನು ಎರಡು ಮಧ್ಯಾಹ್ನ ನಿಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗಿನಿಂದ ಬಂದ ಉತ್ತರ: "ಯಂತ್ರದ ವಿಷಯ ಬೇರೆ, ಶಿಸ್ತಿನ ವಿಷಯ ಬೇರೆ." ಫಲಕಕ್ಕೆ ಸೂಕ್ತ ಗೋಡೆ ಹುಡುಕಲು ಮಾತ್ರ ಮೂವರ ಸಮಿತಿ ಆಗಿದೆ ಎಂದು ಕೇಳಿದೆ. ಸಂತೋಷ.

ಆಮೇಲೆ ನಿಮಗೆ ಕರುಣೆ ಬಂತು. ಮೊನ್ನೆ ತಂಗಿಯ ಮನೆಗೆ ಒಂದು ಹಾಳೆ ಕಳಿಸಿದ್ದೀರಿ. ಅದಕ್ಕೆ ಅವಳು ಸೋಮವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಸಹಿ ಹಾಕಿ ಕೊಟ್ಟರೆ ಮಾನವೀಯ ನೆಲೆಯಲ್ಲಿ ಕೆಲಸಕ್ಕೆ ವಾಪಸ್ ತೆಗೆದುಕೊಳ್ಳುತ್ತೀರಂತೆ. ಹಾಳೆಯಲ್ಲಿ ಇಷ್ಟಿದೆ: "ನಾನು ಕರ್ತವ್ಯದ ವೇಳೆಯಲ್ಲಿ ಲಾಂಡ್ರಿ ವಿಭಾಗದಲ್ಲಿ ಹಾಜರಿರಲಿಲ್ಲ. ನನ್ನ ನಿರ್ಲಕ್ಷ್ಯದಿಂದ ರೋಗಿಗಳಿಗೆ ತೊಂದರೆಯಾಗಿದೆ. ಇನ್ನು ಮುಂದೆ ಹೀಗೆ ನಡೆದುಕೊಳ್ಳುವುದಿಲ್ಲ." ಈ ಕರುಣೆಯ ಹೊಟ್ಟೆಯಲ್ಲಿ ಏನಿದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಹನ್ನೊಂದು ವರ್ಷ ದಿನಗೂಲಿಯಲ್ಲಿ ಒಂದು ದಿನವೂ ತಪ್ಪಿಸದೆ ದುಡಿದ ಅವಳ ಕೆಲಸ ಕಾಯಂ ಆಗಬೇಕಾದ ವರ್ಷ ಇದು. ಹಾಜರಿರಲಿಲ್ಲ ಎಂದು ಅವಳೇ ಒಪ್ಪಿದರೆ ಸೇವೆ ಮುರಿಯುತ್ತದೆ, ಹನ್ನೊಂದು ವರ್ಷ ಅಳಿಸಿಹೋಗಿ ಮತ್ತೆ ಒಂದರಿಂದ ಶುರು. ಅವಳಿಗೆ ಈಗ ನಲವತ್ತೇಳು.

ನಿನ್ನೆ ಅವಳು ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದಳು.

"ಸೈನ್ ಹಾಕಿಬಿಡ್ತೀನಿ ಬಿಡಣ್ಣಾ. ಮನೇಲಿ ಕೂತು ಕೂತು ಕೈಯೆಲ್ಲಾ ಒಣಗಿ ಹೋಗಿದೆ ನೋಡು. ದೊಡ್ಡವರ ಜೊತೆ ನಮಗ್ಯಾಕೆ?"

"ಏನಂತ ಹಾಕ್ತೀಯ? ಅಲ್ಲಿರಲಿಲ್ಲ ಅಂತಾನಾ?"

"ಇದ್ದೆ ಅಂತ ನನಗೆ ಗೊತ್ತಲ್ಲ, ಸಾಕು."

ನನ್ನ ಹೆಂಡತಿ ಅವಳ ಕೈಯಿಂದ ಹಾಳೆ ತೆಗೆದುಕೊಂಡು ಎರಡು ಸಲ ಓದಿದಳು. "ಇದರಲ್ಲಿ ಸುಳ್ಳೇನೂ ಇಲ್ಲ. ವಿಳಾಸ ತಪ್ಪಿ ನಿಮ್ಮನೆಗೆ ಬಂದಿದೆ ಅಷ್ಟೇ" ಎಂದಳು.

ಅವಳು ಹೇಳಿದ್ದು ನಿಜ. ಆ ಎರಡು ತಿಂಗಳಲ್ಲಿ ಲಾಂಡ್ರಿಯಲ್ಲಿ ಹಾಜರಿಲ್ಲದಿದ್ದವರು ಯಾರು? ಯಾರ ನಿರ್ಲಕ್ಷ್ಯದಿಂದ ಬರಿ ಹಾಸಿಗೆಯ ಮೇಲೆ ರೋಗಿಗಳು ಮಲಗಿದರು? ಒಂದು ಅಕ್ಷರವನ್ನೂ ತಿದ್ದುವ ಅಗತ್ಯವಿಲ್ಲ, ನಿಮ್ಮ ಟೈಪಿಸ್ಟಿಗೆ ತೊಂದರೆ ಕೊಡಬೇಡಿ. ಹಾಳೆಯನ್ನು ಈ ಪತ್ರದ ಜೊತೆ ಹಾಗೆಯೇ ವಾಪಸ್ ಕಳಿಸುತ್ತಿದ್ದೇನೆ. ಕೆಳಗೆ ಸಹಿಯ ಜಾಗ ಖಾಲಿ ಇದೆ. ಅಲ್ಲಿ ನೀವು ಸಹಿ ಹಾಕಿ. ಅದಕ್ಕೂ ಮೊದಲು ಅಮಾನತಿನ ಆದೇಶವನ್ನು ಹಿಂದಕ್ಕೆ ಪಡೆದು, ಅವಳು ಹನ್ನೊಂದು ವರ್ಷವೂ, ಆ ಇಪ್ಪತ್ತಮೂರು ಹೊತ್ತಿನಲ್ಲೂ ತನ್ನ ಜಾಗದಲ್ಲೇ ಇದ್ದಳು ಎಂದು ಬರೆದು ಕೊಡಿ. ಬಾಯಿಮಾತು ಬೇಡ, ಮುದ್ರೆ ಒತ್ತಿದ ಕಾಗದ ಬೇಕು.

ಸೋಮವಾರ ಹತ್ತು ಗಂಟೆಗೆ ಅವಳು ಬರುತ್ತಾಳೆ. ನಿಮ್ಮ ಕೋಣೆಗಲ್ಲ, ಲಾಂಡ್ರಿಗೆ. ರಬ್ಬರ್ ಬೂಟು ಚೀಲದಲ್ಲಿರುತ್ತದೆ. ಅವಳನ್ನು ಬಾಗಿಲಲ್ಲಿ ತಡೆಯಬೇಕೆಂದಿದ್ದರೆ ಕಾವಲಿನವನ ಕೈಯಲ್ಲಿ ಚೀಟಿ ಕಳಿಸಬೇಡಿ. ಎರಡು ಮಹಡಿ ಇಳಿದು ನೀವೇ ಬಂದು ನಿಲ್ಲಿ. ಲಾಂಡ್ರಿ ಎಲ್ಲಿದೆ ಎಂದು ಯಾರನ್ನಾದರೂ ಕೇಳಿದರೆ ತೋರಿಸುತ್ತಾರೆ.

ಇಂತಿ,
ತಮ್ಮವನಲ್ಲ, ಅವಳ ಅಣ್ಣ,
ಮೋಟಾರ್ ಕಟ್ಟುವವನು